ಸಹಾಯ ಬೇಕು: ಲ್ಯಾನ್ ಡ್ರೈವರ್‌ನಿಂದ ಕರ್ನಲ್ ಪ್ಯಾನಿಕ್ (ಕಲಬುರಗಿ)

ನಮಸ್ಕಾರ್ರಿ. ಕಲಬುರಗಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರ ಫೈಲ್ ಸರ್ವರ್. ಡೆಬಿಯನ್ 12 (ಲಿನಕ್ಸ್), ಕರ್ನಲ್ (ಸಿಸ್ಟಮ್ಮಿನ ತಿರುಳು) 6.1, ಬೋರ್ಡಿನ ಮೇಲೇ ಇರೋ ರಿಯಲ್‌ಟೆಕ್ ಗಿಗಾಬಿಟ್ ಲ್ಯಾನ್ ಚಿಪ್.

ದೊಡ್ಡ ಫೈಲ್ ಕಾಪಿ ಹಚ್ಚಿದಾಗ ಕರ್ನಲ್ ಪ್ಯಾನಿಕ್ ಆಗಿ, ಅಂದ್ರ ಕರ್ನಲ್ ಮುಂದ ಓಡಲಾರದೆ, ಮಷಿನ್ ನಿಂತುಬಿಡ್ತದ. ಸ್ಕ್ರೀನ್ ಮೇಲೆ ಕಡೀಗೆ ಉಳಿಯೋದು "ಫೇಟಲ್ ಎಕ್ಸೆಪ್ಶನ್ ಇನ್ ಇಂಟರಪ್ಟ್". ನೆಟ್‌ಕನ್ಸೋಲ್ (ಕರ್ನಲ್ ಲಾಗ್ ನೆಟ್‌ವರ್ಕ್ ಮೇಲೆ ಕಳಿಸೋ ಸೌಲಭ್ಯ) ಇಲ್ಲಿ ಉಪಯೋಗಿಲ್ಲ, ಬೀಳೋ ಡ್ರೈವರ್ ಮೂಲಕಾನೇ ಲಾಗ್ ಹೊರಗ ಹೋಗಬೇಕಾಗ್ತದ. ಅದಕ್ಕೆ ಕ್ರ್ಯಾಶ್‌ಕರ್ನಲ್‌ಗೆ (ಪ್ಯಾನಿಕ್ ಆದಾಗ ಏಳೋ ಎರಡನೇ ಕರ್ನಲ್) 512 ಎಂಬಿ ಮೆಮೊರಿ ಮೀಸಲಿಟ್ಟು, ಕೆಡಂಪ್ ಅನ್ನೋ ಸಾಧನದಿಂದ ವಿಎಂಕೋರ್ (ಬಿದ್ದ ಹೊತ್ತಿನ ಮೆಮೊರಿಯ ನಕಲು) ಹಿಡಿದೀವಿ. ಬ್ಯಾಕ್‌ಟ್ರೇಸ್‌ನಲ್ಲಿ (ಬಿದ್ದಾಗ ಓಡ್ತಿದ್ದ ಫಂಕ್ಷನ್‌ಗಳ ಸಾಲು) ಆರ್8168 ಅನ್ನೋ ಲ್ಯಾನ್ ಡ್ರೈವರ್ ಮಾಡ್ಯೂಲಿನ ರಿಸೀವ್ ಫಂಕ್ಷನ್ ಒಳಗೇ ನಲ್ ಪಾಯಿಂಟರ್ (ಖಾಲಿ ವಿಳಾಸ ಬಳಸಿದ ದೋಷ) ಅದ. ಇದು ಡಿಕೆಎಂಎಸ್‌ನಿಂದ (ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಕಟ್ಟಿಕೊಡೋ ಸಾಧನ) ಕಟ್ಟಿದ, ಕರ್ನಲಿನ ಹೊರಗಿನ ಮಾಡ್ಯೂಲ್. ಇದರಿಂದ ಕರ್ನಲ್ ಟೇಂಟ್ (ಹೊರಗಿನ ಕೋಡ್ ಸೇರಿದ್ದು ಅಂತ ಗುರುತು) ಆಗಿರೋದ್ರಿಂದ ಮೂಲ ಡೆವಲಪರ್‌ಗಳು ಈ ವರದಿ ನೋಡೋದು ಕಷ್ಟ.

ಅದನ್ನ ತೆಗೆದು, ಕರ್ನಲಿನ ಸ್ವಂತ ಡ್ರೈವರ್ ಮೇಲಿದ್ದ ಬ್ಲ್ಯಾಕ್‌ಲಿಸ್ಟ್ (ಲೋಡ್ ಆಗದಂಗ ಇಟ್ಟ ತಡೆ) ಬಿಡಿಸಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗಿನ ಪುಟ್ಟ ಫೈಲ್ ಕಟ್ಟು) ಹೊಸದಾಗಿ ಕಟ್ಟಿ, ಕರ್ನಲಿನದೇ ಆರ್8169 ಡ್ರೈವರ್ ಹಾಕಿದ್ರ ಪ್ಯಾನಿಕ್ ಇಲ್ಲ. ಆದ್ರ ಲೋಡ್ ಬಿದ್ದಾಗ "ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್" ಬಂದು ಲಿಂಕ್ ಬೀಳ್ತದ. ಎರಡೂ ಡ್ರೈವರ್ ಒದ್ದಾಡೋದ್ರಿಂದ ನಮ್ಮ ಅನುಮಾನ ಪಿಸಿಐಇ (ಚಿಪ್ಪು, ಕಾರ್ಡುಗಳನ್ನ ಬೋರ್ಡಿಗೆ ಜೋಡಿಸೋ ದಾರಿ) ಪವರ್ ಸೇವಿಂಗ್ ಮೇಲೆ. ಬೂಟ್ ಲೈನಿನಲ್ಲಿ ಎಎಸ್‌ಪಿಎಂ (ಅದೇ ಪವರ್ ಸೇವಿಂಗ್) ಆಫ್ ಮಾಡಿದ ಮೇಲೆ ಕಡಿಮಿ ಆಗ್ಯದ, ಪೂರ್ತಿ ನಿಂತಿಲ್ಲ. ಈಥ್‌ಟೂಲ್ ಕಮಾಂಡ್‌ನಿಂದ ಟಿಎಸ್‌ಒ, ಜಿಎಸ್‌ಒ (ದೊಡ್ಡ ಡೇಟಾ ತುಂಡು ಮಾಡೋ ಕೆಲಸ ತಡವಾಗಿ ಇಲ್ಲಾ ಚಿಪ್ಪಲ್ಲೇ ಮಾಡೋ ಸೆಟ್ಟಿಂಗ್) ಆಫ್ ಮಾಡಿದ್ರೂ ಫರಕಿಲ್ಲ. ಮೆಮ್‌ಟೆಸ್ಟ್‌ನಲ್ಲಿ (ಮೆಮೊರಿ ಪರೀಕ್ಷೆ) ಎರರ್ ಇಲ್ಲ. ಕೇಬಲ್, ಸ್ವಿಚ್ ಪೋರ್ಟ್ ಎರಡೂ ಬದಲಿಸಿ ಆಗ್ಯದ.

ಇದೇ ಚಿಪ್ಪಿಗೆ ಬ್ಯಾಕ್‌ಪೋರ್ಟ್ಸ್ ಕರ್ನಲ್ (ಡೆಬಿಯನ್ 12ಕ್ಕೆ ಸಿಗೋ ಇನ್ನೂ ಹೊಸ ಕರ್ನಲ್) ಹಾಕಿ ಯಾರಿಗಾದ್ರೂ ಸರಿಹೋಗಿದ್ರ ದಯವಿಟ್ಟು ಹೇಳ್ರಿ. ಕಲಬುರಗಿ, ಬೀದರ್ ಕಡೆ ಯಾರ ಹತ್ರಾದ್ರೂ ಐಜಿಬಿ (ಇಂಟೆಲ್ ಲ್ಯಾನ್) ಡ್ರೈವರ್‌ನಲ್ಲಿ ಓಡೋ ಪಿಸಿಐಇ ಕಾರ್ಡ್ ಇದ್ರ ಒಂದು ವಾರದ ಮಟ್ಟಿಗೆ ಬೇಕಾಗ್ಯದ. ಅದರಲ್ಲೂ ಬಿದ್ರ ದೋಷ ಬೋರ್ಡಿಂದೇ ಇರಬಹುದು. ವಿಎಂಕೋರ್‌ನಲ್ಲಿ ಪಾಸ್‌ವರ್ಡ್ ಸೈತ ಇರಬಹುದಾದ್ದರಿಂದ ಗ್ರೂಪಿಗೆ ಹಾಕಂಗಿಲ್ಲ. ಕೇಳಿದವರಿಗೆ ಬ್ಯಾಕ್‌ಟ್ರೇಸ್ ಮತ್ತು ಡಿಮೆಸ್ಜ್ (dmesg, ಕರ್ನಲ್ ಸಂದೇಶಗಳ) ಲಾಗ್ ಕಳಿಸ್ತೀವ್ರಿ.