ಪಿಯುಸಿ ಆದ ಮೇಲೆ ಫಿಸಿಕ್ಸ್ ಡಿಗ್ರಿ: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಮ್ಮ ಜೊತೆ ಡಿಗ್ರಿ ಕಾಲೇಜಿನ ಫಿಸಿಕ್ಸ್ ಮೇಡಂ ಇದ್ದಾರೆ. ಬಿ.ಎಸ್ಸಿ ಫಿಸಿಕ್ಸ್, ಅಪ್ಲೈಡ್ ಫಿಸಿಕ್ಸ್ ಸೇರಲು ಏನೇನು ಬೇಕು, ಗುಂಪಿನಲ್ಲಿ ಕೇಳಿ. ಹೆಸರಿನ ಬದಲು ನಿಮ್ಮ ಊರು ಹಾಕಿ.

ಕುಶಾಲನಗರ: ನಮಸ್ಕಾರ ಮೇಡಂ. ಮಗ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಓದುತ್ತಿದ್ದಾನೆ. ಬಿ.ಎಸ್ಸಿಗೆ ಸಿಇಟಿ ಬರೆಯಬೇಕಾ?

ಮೇಡಂ: ನಮಸ್ಕಾರ. ಬೇಡ. ಸಿಇಟಿ ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ. ನಮ್ಮ ಕಡೆಯ ಕಾಲೇಜುಗಳ ಬಿ.ಎಸ್ಸಿಗೆ ಪಿಯು ಅಂಕಗಳೇ ಸಾಕು. ಅರ್ಜಿಯನ್ನು ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಎರಡೂ ಇರಬೇಕು, ಇದು ಮುಖ್ಯ.

ಮೂರ್ನಾಡು: ಡಿಗ್ರಿ ಮೂರು ವರ್ಷವಾ, ನಾಲ್ಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೇಡಂ: ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು. 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷ.

ಶನಿವಾರಸಂತೆ: ಮೇಡಂ, ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿದವರಿಗೆ ಬಿ.ಎಸ್ಸಿ ಫಿಸಿಕ್ಸ್ ಕಷ್ಟ ಆಗುತ್ತಾ?

ನಾಪೋಕ್ಲು: ಮೇಡಂ, ನನ್ನ ಮಗಳು ಎರಡನೇ ಪಿಯುಸಿ. ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಜೊತೆ ಹೋಂ ಸೈನ್ಸ್. ಮ್ಯಾಥ್ಸ್ ಇಲ್ಲ. ಈಗ ಫಿಸಿಕ್ಸೇ ಓದಬೇಕು ಅನ್ನುತ್ತಾಳೆ. ನಮ್ಮಲ್ಲಿ ಕಾಫಿ ಬೀಜದ ತೇವ ನೋಡುವ ಮೀಟರ್ ಇದೆ. ಕಣದಿಂದ ತಂದ ತಕ್ಷಣ ಅಳೆದರೆ ಒಂದು ಲೆಕ್ಕ, ತಣ್ಣಗಾದ ಮೇಲೆ ಅಳೆದರೆ ಇನ್ನೊಂದು ಲೆಕ್ಕ ಅಂತ ಎರಡು ತಿಂಗಳು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. 30 ದಿನದ ಬ್ರಿಡ್ಜ್ ಕೋರ್ಸ್ ಸರ್ಟಿಫಿಕೇಟ್ ತಗೊಂಡರೆ ಮ್ಯಾಥ್ಸ್ ಇಲ್ಲದವರಿಗೂ ಅಪ್ಲೈಡ್ ಫಿಸಿಕ್ಸ್ ಸೀಟಂತೆ. 18 ಸಾವಿರ ಕಟ್ಟಬೇಕಂತೆ. ಕಟ್ಟಲಾ?

ಮೇಡಂ: ಕಟ್ಟಬೇಡಿ ಅಮ್ಮ. ಮೊದಲು ಮಗಳ ವಿಷಯ ಹೇಳುತ್ತೇನೆ. ಆ ಮೀಟರಿನಲ್ಲಿ ಎರಡು ಲೋಹದ ತಟ್ಟೆಗಳ ನಡುವೆ ಬೀಜ ಕೂರುತ್ತದೆ. ಅದೊಂದು ಕೆಪಾಸಿಟರ್, ಅಂದರೆ ವಿದ್ಯುತ್ ಆವೇಶ ಹಿಡಿದಿಡುವ ಸಾಧನ. ತಟ್ಟೆಗಳ ನಡುವೆ ಇಟ್ಟ ವಸ್ತು ಆ ಶಕ್ತಿಯನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದೇ ಡೈಎಲೆಕ್ಟ್ರಿಕ್ ಸಂಖ್ಯೆ. ನೀರಿನದು ಸುಮಾರು 80, ಒಣಗಿದ ಬೀಜದ್ದು ಅದರ ಮುಂದೆ ತೀರಾ ಕಡಿಮೆ. ಹಾಗಾಗಿ ಸ್ವಲ್ಪ ತೇವ ಹೆಚ್ಚಾದರೂ ಮೀಟರಿಗೆ ಗೊತ್ತಾಗುತ್ತದೆ. ಆದರೆ ಬೀಜ ಬಿಸಿಯಾದರೆ ಅದರ ವಿದ್ಯುತ್ ಗುಣವೂ ಬದಲಾಗುತ್ತದೆ. ನಿಮ್ಮ ಮಗಳು ಹಿಡಿದಿರುವುದು ಅದನ್ನೇ. ಅಪ್ಲೈಡ್ ಫಿಸಿಕ್ಸ್ ಅಂದರೆ ಇದೇ ಅಮ್ಮ. ಆ ಪುಸ್ತಕವನ್ನು ದಯವಿಟ್ಟು ಎಸೆಯಬೇಡಿ.

ನನಗೆ ಚಿಂತೆ ಇರುವುದು ಮ್ಯಾಥ್ಸ್ ಬಗ್ಗೆ. ಮೊದಲ ಸೆಮಿಸ್ಟರ್‌ನಿಂದಲೇ ಕ್ಯಾಲ್ಕುಲಸ್ ಬೇಕು. ಮುಂದೆ ವಿದ್ಯುತ್ಕಾಂತತೆಗೆ ವೆಕ್ಟರ್, ಕ್ವಾಂಟಂಗೆ ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್. ಇದು 30 ದಿನದಲ್ಲಿ ಬರುವುದಿಲ್ಲ. ತಳಪಾಯ ಇಲ್ಲದೆ ಕೂತು ವರ್ಷದೊಳಗೆ ಬಿಟ್ಟುಹೋದ ಜಾಣ ಮಕ್ಕಳನ್ನು ನೋಡಿದ್ದೇನೆ. ಆ ಸಂಕಟ ಇವಳಿಗೆ ಬೇಡ.

ದಾರಿ ಎರಡಿವೆ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ 12ನೇ ತರಗತಿಯ ಮ್ಯಾಥ್ಸ್ ಒಂದೇ ವಿಷಯ ಕಟ್ಟಿ ಪಾಸಾಗಬಹುದು. ಅದನ್ನು ಒಪ್ಪುತ್ತೀರಾ ಅಂತ ಸೇರುವ ವಿಶ್ವವಿದ್ಯಾಲಯದಿಂದ ಮೊದಲೇ ಬರಹದಲ್ಲಿ ಕೇಳಿ. ಫೋನಿನ ಮಾತು ನಂಬಬೇಡಿ. ಇನ್ನೊಂದು ಐಸರ್, ಅಂದರೆ ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ. ದೇಶದಲ್ಲಿ ಏಳಿವೆ, ನಮಗೆ ಹತ್ತಿರದವು ತಿರುವನಂತಪುರ, ತಿರುಪತಿ. ಅಲ್ಲಿ ಬಿಎಸ್-ಎಂಎಸ್, ಅಂದರೆ ಪದವಿ, ಸ್ನಾತಕೋತ್ತರ ಎರಡೂ ಸೇರಿ ಐದು ವರ್ಷ. ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಬರೆಯಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕರಲ್ಲಿ ಮೂರು ಓದಿದ್ದರೆ ಅರ್ಜಿ ಹಾಕಬಹುದು. 12ರಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 60, ಎಸ್‌ಸಿ ಎಸ್‌ಟಿಗೆ ಶೇ. 55 ಬೇಕು. ಪರೀಕ್ಷೆಯ 60 ಪ್ರಶ್ನೆಗಳಲ್ಲಿ 15 ಮ್ಯಾಥ್ಸ್. ಅಂದರೆ ಈ ದಾರಿಯಲ್ಲೂ ಮ್ಯಾಥ್ಸ್ ಕಲಿಯಲೇಬೇಕು.

ಗೋಣಿಕೊಪ್ಪ: ಸುಮ್ನೆ ಮಕ್ಕಳ ತಲೆ ಕೆಡಿಸಬೇಡಿ. ಬಿ.ಎಸ್ಸಿ ಮಾಡಿದವರಿಗೆ ಕೆಲಸ ಎಲ್ಲಿದೆ? ನರ್ಸಿಂಗ್‌ಗೆ ಹಾಕಿ.

ವಿರಾಜಪೇಟೆ: ಹುಡುಗಿ ಕೇಳಿದ್ದು ಫಿಸಿಕ್ಸ್. ನಿಮ್ಮನ್ನು ನರ್ಸಿಂಗ್ ಬಗ್ಗೆ ಯಾರು ಕೇಳಿದರು?

ಗೋಣಿಕೊಪ್ಪ: ಅನುಭವದಿಂದ ಹೇಳಿದೆ. ನನ್ನ ತಮ್ಮ ಬಿ.ಎಸ್ಸಿ ಮುಗಿಸಿ ನಾಲ್ಕು ವರ್ಷ ತೋಟದಲ್ಲೇ ಕೂತ.

ವಿರಾಜಪೇಟೆ: ನನ್ನ ಅಕ್ಕ ಅದೇ ಬಿ.ಎಸ್ಸಿ ಮಾಡಿ, ಎಂ.ಎಸ್ಸಿ ಮಾಡಿ ಪಿಯು ಲೆಕ್ಚರರ್ ಆಗಿದ್ದಾಳೆ. ಬರೀ ಡಿಗ್ರಿಗೆ ನಿಲ್ಲಿಸಿದರೆ ಯಾವುದರಲ್ಲೂ ಕಷ್ಟವೇ.

ಗೋಣಿಕೊಪ್ಪ: ಎಲ್ಲರ ಮನೆಯಲ್ಲೂ ಐದು ವರ್ಷ ಓದಿಸುವ ದುಡ್ಡು ಇರುವುದಿಲ್ಲ ತಂಗಿ. ಮೆಣಸಿನ ಬಳ್ಳಿ ಸತ್ತ ವರ್ಷ ಫೀಸು ಕಟ್ಟಿ ನೋಡಿ.

ಮೇಡಂ: ದುಡ್ಡಿನ ಮಾತು ನಿಜ. ಅದಕ್ಕೇ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ನೋಡಿ. ಬೋರ್ಡಿನಲ್ಲಿ ಮೇಲಿನ ಶೇ. 1ರಲ್ಲಿ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿವರೆಗೆ ಸಿಗುತ್ತದೆ. ನರ್ಸಿಂಗ್ ಚರ್ಚೆ ಇಲ್ಲಿ ಬೇಡ.

ಸುಂಟಿಕೊಪ್ಪ: ಫಾರ್ವರ್ಡ್ ಆಗಿ ಬಂದದ್ದು. "ಫಿಸಿಕ್ಸ್ ಡಿಗ್ರಿ ಇದ್ದರೆ ಪರೀಕ್ಷೆ ಇಲ್ಲದೆ ಇಸ್ರೋದಲ್ಲಿ ನೇರ ಕೆಲಸ. ಹತ್ತು ಗುಂಪಿಗೆ ಕಳಿಸಿ."

ಮೇಡಂ: ಸುಳ್ಳು. ಇಸ್ರೋ ಕೆಲಸಕ್ಕೆ ಅದರ ಸ್ವಂತ ವೆಬ್‌ಸೈಟಿನಲ್ಲಿ ಪ್ರಕಟಣೆ ಬರುತ್ತದೆ. ಇನ್ನು ಹೀಗೆ ಹಾಕಬೇಡಿ. ಇಂಥದ್ದನ್ನು ನಂಬಿ ದುಡ್ಡು ಕಟ್ಟಿದವರು ಅಳುತ್ತಾ ನನ್ನ ಹತ್ತಿರ ಬರುತ್ತಾರೆ. ವಿಶ್ವವಿದ್ಯಾಲಯ ಅಸಲಿಯಾ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ನೋಡಿ. ನಕಲಿಗಳ ಪಟ್ಟಿಯನ್ನೂ ಅವರೇ ಹಾಕುತ್ತಾರೆ.

ಸುಂಟಿಕೊಪ್ಪ: ಒಳ್ಳೇದಾಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಸೋಮವಾರಪೇಟೆ: ಐಐಟಿಯಲ್ಲಿ ಅಪ್ಲೈಡ್ ಫಿಸಿಕ್ಸ್ ಇದೆಯಾ?

ಮೇಡಂ: ಕೆಲವು ಐಐಟಿಗಳಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಅಂತ ಬಿ.ಟೆಕ್ ಇದೆ. ಅದಕ್ಕೆ ಜೆಇಇ ಅಡ್ವಾನ್ಸ್ಡ್ ಪ್ರವೇಶ ಪರೀಕ್ಷೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ.

ಪೊನ್ನಂಪೇಟೆ: ಬಿ.ಎಸ್ಸಿಗೆ ಸಿಇಟಿ ಬೇಕಾ ಮೇಡಂ?

ಮೇಡಂ: ಬೇಡ. ಮೇಲೆ ಹೇಳಿದ್ದೇನೆ.

ಸಿದ್ದಾಪುರ: ಪಿಸಿಬಿಯವರು ಸಿಇಟಿ ಬರೆದರೆ ಫಿಸಿಕ್ಸ್ ಸಿಗುತ್ತಾ?

ಮೇಡಂ: ಓದಿ ಕೇಳಿ.

ಗೋಣಿಕೊಪ್ಪ: ನೋಡಿ, ಯಾರೂ ಓದುವುದಿಲ್ಲ. ಬುದ್ಧಿ ಹೇಳಿದವನ ಮೇಲೆ ಮಾತ್ರ ಎಲ್ಲರೂ ಹಾರುತ್ತಾರೆ.

ವಿರಾಜಪೇಟೆ: ಮತ್ತೆ ಶುರು ಮಾಡಬೇಡಿ.

ನಾಪೋಕ್ಲು: ಮೇಡಂ, ದುಡ್ಡು ಕಟ್ಟಲಿಲ್ಲ. ಪಿಯು ಪರೀಕ್ಷೆ, ಎನ್‌ಐಒಎಸ್ ಎರಡೂ ಒಟ್ಟಿಗೆ ಮಾಡಿಸಲಾ? ಇವಳು ಈಗಲೇ ಅನ್ನುತ್ತಿದ್ದಾಳೆ.

ಮೇಡಂ: ಬೇಡ. ಮೊದಲು ಪಿಯು ಚೆನ್ನಾಗಿ ಮುಗಿಸಲಿ. ಶೇ. 60ರ ಕೆಳಗೆ ಹೋದರೆ ಐಸರ್ ದಾರಿ ಮುಚ್ಚುತ್ತದೆ. ಭಾನುವಾರ ಮಾತ್ರ ಮೊದಲ ಪಿಯು ಮ್ಯಾಥ್ಸ್ ಪುಸ್ತಕ ತೆರೆಯಲಿ. ಫಂಕ್ಷನ್, ತ್ರಿಕೋನಮಿತಿ ಮುಗಿಸಿ ಡೆರಿವೇಟಿವ್‌ಗೆ ಬರಲಿ. ಎಲ್ಲಿ ನಿಂತಳೋ ಅಲ್ಲಿ ನನಗೆ ಬರೆಯಲಿ. ಮೀಟರ್ ಲೆಕ್ಕದ ಪಕ್ಕ ಬೀಜದ ಬಿಸಿ ಎಷ್ಟು ಅಂತ ಥರ್ಮಾಮೀಟರ್ ಇಟ್ಟು ಬರೆಯುತ್ತಾಳಾ? ಇಲ್ಲದಿದ್ದರೆ ಇವತ್ತಿನಿಂದ ಬರೆಯಲು ಹೇಳಿ.

ನಾಪೋಕ್ಲು: ಬಿಸಿ ಬರೆದಿಲ್ಲವಂತೆ. ಈಗಲೇ ಥರ್ಮಾಮೀಟರ್ ಹುಡುಕಲು ಹೋದಳು.

ಶನಿವಾರಸಂತೆ: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.

ಅಡ್ಮಿನ್: ಮೇಡಂ ಹೊರಟರು. ಜಗಳ ಜಾಸ್ತಿ ಆಗಿದೆ, ಗುಂಪನ್ನು ಬೆಳಿಗ್ಗೆವರೆಗೆ ಮುಚ್ಚುತ್ತಿದ್ದೇನೆ.