ಬಾಕ್ಸ್ ಪ್ಲಾಟ್ ಮಕ್ಕಳಿಗೆ ಹೇಗೆ ಅರ್ಥ ಮಾಡಿಸಿದಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ತಾಯಿ, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಆಲ್ಜೀಬ್ರಾ 1ರಲ್ಲಿ ಬಾಕ್ಸ್ ಪ್ಲಾಟ್ (ಅಂಕಿಗಳು ಹೇಗೆ ಹರಡಿವೆ ಅಂತ ಒಂದು ಪೆಟ್ಟಿಗೆ, ಗೆರೆಗಳಿಂದ ತೋರಿಸುವ ಚಿತ್ರ) ಬಂದಿದೆ. ಅಂಕಿ ಕೊಟ್ಟರೆ ಚಿತ್ರ ಬರೆಯುತ್ತಾಳೆ. ಚಿತ್ರ ಕೊಟ್ಟು ಪ್ರಶ್ನೆ ಕೇಳಿದರೆ ಮಾತ್ರ ಎಡವುತ್ತಾಳೆ. ಬಾಕ್ಸ್ ಎಲ್ಲಿ ಅಗಲ ಇದೆಯೋ ಅಲ್ಲೇ ಜಾಸ್ತಿ ಅಂಕಿಗಳಿವೆ ಅನ್ನುತ್ತಾಳೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಓಜೀವ್ (ಸಂಚಿತ ಆವೃತ್ತಿಯ ವಕ್ರರೇಖೆ) ಬರೆದವಳು, ಇದನ್ನು ಕಲಿತಿಲ್ಲ. ಹೇಗೆ ಹೇಳಿಕೊಡಲಿ?

ಉತ್ತರ (ಗಣಿತ ಟ್ಯೂಷನ್ ಹೇಳುವವರು, ಮೈಸೂರು)

ಮೇಡಂ, ಇದು ಬಹಳ ಮಕ್ಕಳಿಗೆ ಆಗುವ ಗೊಂದಲ. ಅವರು ಮೊದಲು ಕಲಿಯುವುದು ಹಿಸ್ಟೋಗ್ರಾಂ. ಅಲ್ಲಿ ಕಂಬ ದೊಡ್ಡದಾದರೆ ಅಂಕಿ ಜಾಸ್ತಿ. ಅದೇ ಕಣ್ಣಿನಲ್ಲಿ ಇದನ್ನೂ ನೋಡುತ್ತಾರೆ.

ಸೂತ್ರ, ಕ್ಯಾಲ್ಕ್ಯುಲೇಟರ್ ಎರಡನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ನಾನು ಯಾವಾಗಲೂ ಶುರು ಮಾಡುವುದು ದ್ರಾವಿಡ್ ಸ್ಕೋರುಗಳಿಂದ. 2011ರಲ್ಲಿ ಇಂಗ್ಲೆಂಡಿನಲ್ಲಿ ನಾವು 4-0 ಸೋತೆವಲ್ಲ, ಆ ಟೆಸ್ಟ್ ಸರಣಿ. ಎಂಟು ಇನ್ನಿಂಗ್ಸ್‌ನಲ್ಲಿ ಅವರು ಹೊಡೆದದ್ದು 103, 36, 117, 6, 22, 18, 146, 13. ಒಟ್ಟು 461.

ಮಗಳ ಕೈಯಲ್ಲೇ ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಸಿ. ಆಮೇಲೆ ಎರಡೆರಡು ಅಂಕಿಗೆ ಒಂದು ಗೆರೆ ಎಳೆಸಿ:

6, 13 | 18, 22 | 36, 103 | 117, 146

ಮೊದಲ ಗೆರೆಯ ಅಕ್ಕಪಕ್ಕ 13 ಮತ್ತು 18 ಇವೆ. ಅವುಗಳ ನಡುವೆ 15.5, ಅದು ಮೊದಲ ಕ್ವಾರ್ಟೈಲ್. ಮಧ್ಯದ ಗೆರೆ 29, ಅದು ಮೀಡಿಯನ್, ಅಂದರೆ ಮಧ್ಯಾಂಕ. ಕೊನೆಯ ಗೆರೆ 110, ಮೂರನೇ ಕ್ವಾರ್ಟೈಲ್. ಎರಡು ತುದಿಯಲ್ಲಿ 6 ಮತ್ತು 146. ಐದು ಸಂಖ್ಯೆ ಸಿಕ್ಕವು.

ಈಗ ಗ್ರಾಫ್ ಹಾಳೆಯಲ್ಲಿ 10 ರನ್‌ಗೆ ಒಂದು ಸೆಂಟಿಮೀಟರ್ ಇಟ್ಟುಕೊಳ್ಳಿ. 15.5ರಿಂದ 110ರವರೆಗೆ ಬಾಕ್ಸ್, 29ರಲ್ಲಿ ಒಳಗೆರೆ, ಬಾಕ್ಸಿನ ಎರಡೂ ಕಡೆ 6 ಮತ್ತು 146ರವರೆಗೆ ವಿಸ್ಕರ್ ಅನ್ನುವ ಗೆರೆ. ಬಾಕ್ಸಿನ ಎಡಭಾಗ ಒಂದೂವರೆ ಸೆಂಟಿಮೀಟರ್ ಕೂಡ ಬರುವುದಿಲ್ಲ. ಬಲಭಾಗ ಎಂಟಕ್ಕಿಂತ ಜಾಸ್ತಿ. ಆಗ ಕೇಳಿ: ಎಡಕ್ಕೆ ಎಷ್ಟು ಇನ್ನಿಂಗ್ಸ್ ಇವೆ, ಬಲಕ್ಕೆ ಎಷ್ಟು? ಎರಡು ಕಡೆಯೂ ಎರಡೆರಡೇ. ಗೆರೆ ಎಳೆದವಳು ಅವಳೇ ಆದ್ದರಿಂದ ನೀವು ವಾದ ಮಾಡಬೇಕಾಗಿಲ್ಲ. ಪ್ರತಿ ಭಾಗದಲ್ಲೂ ಕಾಲು ಪಾಲು ಅಂಕಿ. ಅಗಲ ಹೇಳುವುದು ಅವು ಎಷ್ಟು ಚದುರಿವೆ ಅನ್ನುವುದನ್ನು ಮಾತ್ರ. ಇಲ್ಲಿ ನೋಡಿ, 36ಕ್ಕೂ 103ಕ್ಕೂ ನಡುವೆ ಒಂದು ಸ್ಕೋರೂ ಇಲ್ಲ. ಅಗಲವಾಗಿ ಕಾಣುವ ಜಾಗವೇ ಹೆಚ್ಚೂಕಡಿಮೆ ಖಾಲಿ!

ಉತ್ತರ (ತಂದೆ, ಲಂಡನ್ ಹತ್ತಿರ)

ನಿಮಗೆ ಓಜೀವ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ, ಅಕ್ಕಾ. ಇಲ್ಲಿ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಹೈಯರ್ ಪೇಪರಿನಲ್ಲಿ ಓಜೀವ್ ಕೊಟ್ಟು ಅದರಿಂದಲೇ ಬಾಕ್ಸ್ ಪ್ಲಾಟ್ ಬರೆಯಿರಿ ಅನ್ನುತ್ತಾರೆ. ಒಟ್ಟು 80 ಇದ್ದರೆ ವೈ ಅಕ್ಷದಲ್ಲಿ 20, 40, 60ರಿಂದ ಅಡ್ಡ ಹೋಗಿ ಕೆಳಗಿಳಿದರೆ ಆಯ್ತು. ನಾವು ಎಸ್ಸೆಸ್ಸೆಲ್ಸಿಯಲ್ಲಿ ಮಧ್ಯಾಂಕಕ್ಕೆ ಮಾಡುತ್ತಿದ್ದುದನ್ನೇ ಮೂರು ಸಲ ಮಾಡಬೇಕು, ಅಷ್ಟೇ.

ನನ್ನ ಮಗನಿಗೆ ಮಾರ್ಕ್ಸ್ ಹೋಗುತ್ತಿದ್ದುದು ಎರಡು ಪ್ಲಾಟ್ ಹೋಲಿಸಿ ಅನ್ನುವ ಪ್ರಶ್ನೆಯಲ್ಲಿ, ಉದಾಹರಣೆಗೆ ಎರಡು ತಂಡಗಳ ಓಟದ ಸಮಯ. "ಬಿ ತಂಡದ ಮೀಡಿಯನ್ ಜಾಸ್ತಿ" ಅಂತ ಬರೆದು ಮುಂದೆ ಹೋಗುತ್ತಿದ್ದ. ಅದು ಸಾಲದು. ಬಿ ತಂಡದವರು ಓಡಲು ಸಾಮಾನ್ಯವಾಗಿ ಹೆಚ್ಚು ಸಮಯ ತೆಗೆದುಕೊಂಡರು ಅಂತ ವಿಷಯಕ್ಕೆ ತಂದು ಹೇಳಬೇಕು. ಜೊತೆಗೆ ಬಾಕ್ಸಿನ ಉದ್ದದ ಬಗ್ಗೆ, ಅಂದರೆ ಇಂಟರ್‌ಕ್ವಾರ್ಟೈಲ್ ರೇಂಜ್ ಬಗ್ಗೆ, ಒಂದು ಮಾತು ಇರಬೇಕು. ಯಾರ ಸಮಯ ಹೆಚ್ಚು ಏರುಪೇರಾಗಿತ್ತು ಅನ್ನುವುದು ಅದರಿಂದಲೇ ಗೊತ್ತಾಗುವುದು.

ಉತ್ತರ (ಎಪಿ ಸ್ಟ್ಯಾಟಿಸ್ಟಿಕ್ಸ್ ಮುಗಿಸಿದ ವಿದ್ಯಾರ್ಥಿ, ಟೆಕ್ಸಾಸ್)

ಆಂಟಿ, ಮುಂದೆ ಔಟ್‌ಲೈಯರ್, ಅಂದರೆ ಉಳಿದವುಗಳಿಂದ ತೀರಾ ದೂರ ಇರುವ ಅಂಕಿ, ಬರುತ್ತೆ. ಅದಕ್ಕೆ ಲಕ್ಷ್ಮಣ್ ಸ್ಕೋರು ತಗೊಳ್ಳಿ. 2001ರಲ್ಲಿ ಆಸ್ಟ್ರೇಲಿಯಾ ಭಾರತಕ್ಕೆ ಬಂದಾಗ 20, 12, 59, 281, 65, 66. ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ ಮೊದಲ ಮೂರರ ಮಧ್ಯದ್ದು 20, ಕೊನೆಯ ಮೂರರ ಮಧ್ಯದ್ದು 66, ಅವೇ ಕ್ವಾರ್ಟೈಲ್‌ಗಳು, ಅಂತರ 46. ಅದರ ಒಂದೂವರೆ ಪಟ್ಟು 69. 66ಕ್ಕೆ 69 ಸೇರಿಸಿದರೆ 135. ಅದನ್ನು ದಾಟಿದ್ದು 281 ಒಂದೇ, ಅದಕ್ಕೆ ಬೇರೆ ಚುಕ್ಕಿ ಇಡಬೇಕು. ಈ ಒಂದೂವರೆ ಪಟ್ಟಿನ ನಿಯಮ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರದು.

ಇಲ್ಲಿ ತುಂಬ ಜನ ವಿಸ್ಕರ್ ಅನ್ನು 135ರವರೆಗೆ ಎಳೆಯುತ್ತಾರೆ. ಹಾಗಲ್ಲ. ಔಟ್‌ಲೈಯರ್ ಬಿಟ್ಟು ಉಳಿದದ್ದರಲ್ಲಿ ದೊಡ್ಡದು ಯಾವುದೋ ಅಲ್ಲಿಗೆ ನಿಲ್ಲಬೇಕು. ಇಲ್ಲಿ ಅದು 66, ಬಾಕ್ಸಿನ ತುದಿಯೂ 66. ಹಾಗಾಗಿ ಬಲಗಡೆ ವಿಸ್ಕರೇ ಇರಲ್ಲ! ಚುಕ್ಕಿ ಬಿತ್ತು ಅಂತ 281 ಅನ್ನು ಸುಮ್ನೆ ಹೊಡೆದುಹಾಕುವ ಹಾಗೂ ಇಲ್ಲ. ಕೋಲ್ಕತ್ತದ ಆ ಇನ್ನಿಂಗ್ಸ್ ಬಿಟ್ಟು ಆ ಸರಣಿಯ ಬಗ್ಗೆ ಮಾತಾಡೋಕಾಗುತ್ತಾ?

ಇನ್ನೊಂದು. ದ್ರಾವಿಡ್ ಅಂಕಿಗಳನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಕ್ವಾರ್ಟೈಲ್ ಕೇಳಿದರೆ 16.75, 106.5 ಬರುತ್ತೆ. ಟಿಐ-84 ಕ್ಯಾಲ್ಕ್ಯುಲೇಟರ್ ಕೊಡುವುದು 15.5, 110. ಎರಡೂ ಸರಿ, ಲೆಕ್ಕದ ವಿಧಾನ ಬೇರೆ. ಶಾಲೆಯಲ್ಲಿ ಯಾವುದು ಹೇಳಿಕೊಟ್ಟಿದ್ದಾರೋ ಅದನ್ನೇ ಹಿಡಿಯಿರಿ. ಟಿಐ-84ರಲ್ಲಿ ಎರಡು ಬಗೆಯ ಬಾಕ್ಸ್ ಪ್ಲಾಟ್ ಇದೆ. ಚುಕ್ಕಿ ಇರುವುದನ್ನು ಆರಿಸಿದರೆ ಮಾತ್ರ ಔಟ್‌ಲೈಯರ್ ಬೇರೆಯಾಗಿ ಕಾಣುತ್ತೆ.

ಪ್ರಶ್ನೆ ಕೇಳಿದ ತಾಯಿ

ದ್ರಾವಿಡ್ ಲೆಕ್ಕ ಮಾಡಿಸಿದೆ, ತುಂಬ ಉಪಕಾರವಾಯಿತು. ಅಗಲದ ವಿಷಯ ಅವಳಿಗೆ ಹತ್ತಿತು. ಈಗ ಅವಳದೇ ಪ್ರಶ್ನೆ: ಪ್ಲಾಟ್ ಮಾತ್ರ ನೋಡಿ ಎಷ್ಟು ಸೆಂಚುರಿ ಅಂತ ಹೇಳಬಹುದಾ?

ಮೈಸೂರಿನವರು

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಹೇಳೋಕಾಗಲ್ಲ. ಅವಳಿಗೆ ಈ ಪಟ್ಟಿ ಕೊಡಿ: 6, 13, 18, 22, 36, 80, 140, 146. ಇದಕ್ಕೂ ಬಾಕ್ಸ್ ಪ್ಲಾಟ್ ಬರೆಯಲಿ. ಐದೂ ಸಂಖ್ಯೆ ಮೊದಲಿನವೇ ಬರುತ್ತವೆ, ಚಿತ್ರವೂ ಅದೇ. ಆದರೆ ಅಲ್ಲಿ ಮೂರು ಸೆಂಚುರಿ, ಇಲ್ಲಿ ಎರಡು. ಇದೇ ಚಿತ್ರ ಬರುವ ಮೂರನೇ ಪಟ್ಟಿಯೊಂದನ್ನು ಅವಳೇ ಮಾಡಲಿ. 110ರ ಎರಡೂ ಪಕ್ಕದ ಅಂಕಿಗಳನ್ನು ಕೂಡಿದರೆ 220 ಬರಬೇಕು, ಅಷ್ಟು ಸುಳಿವು ಸಾಕು.