ಆರನೇ ಸಾಲು ಬಿಡಲಿಲ್ಲ, ಆದ್ರೂ ಯಾಕ ಸೋತೆ?

ಜಮಖಂಡಿ ಪ್ಯಾದಿ:
ನಿನ್ನೆ ವಿಜಯಪುರದಾಗ ಚೆಸ್ ಟೂರ್ನಮೆಂಟಿನ ನಾಕನೇ ರೌಂಡು. ನನ್ನ ರೇಟಿಂಗ್ 1480, ಎದುರಿಗೆ ಕುಂತ ಮಾಸ್ತರರದು 1530. ಮೂರು ತಾಸು ಗುದ್ದಾಡಿ ಉಳಿದದ್ದು ಇಷ್ಟ (ಅಕ್ಷರ ಅಂದ್ರ ಉದ್ದ ಸಾಲು, ಅಂಕಿ ಅಂದ್ರ ಬಿಳಿ ಕಡೆಯಿಂದ ಎಣಿಸಿದ ಅಡ್ಡ ಸಾಲು): ಅವರದು ಬಿಳಿ, ರಾಜ ಡಿ5, ಆನಿ ಎ7, ಪ್ಯಾದಿ ಇ5. ನಂದು ರಾಜ ಇ8, ಆನಿ ಎಚ್6.

ಇಂಥಾ ಹೊತ್ತಿನ್ಯಾಗ ಆನಿ ಆರನೇ ಸಾಲು ಬಿಡಬಾರದು ಅಂತ ಎಲ್ಲೋ ಓದಿದ್ದೆ. ಎಚ್6, ಜಿ6, ಮತ್ತ ಎಚ್6 ಅಂತ ಗಾಣದ ಎತ್ತಿನಂಗ ತಿರಗಿದೆ. ಅವರು ಪ್ಯಾದಿ ಇ6ಕ್ಕ ದೂಡಿದ್ರು. ನಾ ರೂಢಿಯಂಗ ಆನಿ ಜಿ6. ಅವರ ರಾಜ ಡಿ6ಕ್ಕ ಬಂತು. ಕೆಳಗ ಹೋಗಿ ಚೆಕ್ ಕೊಡೂಣು ಅಂತ ಆನಿಗೆ ಕೈ ಹಚ್ಚಿದೆ. ಆವಾಗ ಕಂಡಿತು ನೋಡ್ರಿ, ಅವರ ಆನಿ ಎ8ಕ್ಕ ಬಂದ್ರ ಮೇಟು, ಆಟ ಖಲಾಸ್! ರಾಜನ್ನ ಎಫ್8ಕ್ಕ ಸರಸಬೇಕಿತ್ತು, ಆದ್ರ ಮುಟ್ಟಿದ ಕಾಯಿನ ಆಡಬೇಕಲ್ಲ. ಆನಿ ಯಾವ ಮನಿಗೆ ಹೋದ್ರೂ ಸೋಲು. ನಾ ತಪ್ಪಿದ್ದೆಲ್ಲಿ?

ಆನಿ ಮಾವುತ:
ಜಿ6ದಾಗ. ಓದಿದ್ದು ಅರ್ಧ ಆಗೇತಿ ನಿಮದು. ಆರನೇ ಸಾಲು ಕಾಯೂದು ಅವರ ರಾಜ ಅಲ್ಲಿಗೆ ಏರಬಾರದು ಅಂತ. ಪ್ಯಾದಿ ಇ6ಕ್ಕ ಬಂತಂದ್ರ ಅದ ನಿಮ್ಮ ಆನಿಗೆ ಅಡ್ಡ ಗ್ವಾಡಿ, ರಾಜ ಅದರ ಮರಿಗೆ ನಿಲ್ತಾನ. ಆದ್ರ ಮುಂದ ಹೋದ ಪ್ಯಾದಿ ಹಿಂದಿನಿಂದ ಬರೂ ಚೆಕ್ಕಿಗೆ ಕೊಡಿ ಹಿಡಿಯೂದಿಲ್ಲ. ಅದಕ್ಕ ಆ ಕ್ಷಣಕ್ಕ ಆನಿ ಎಚ್1. ರಾಜ ಡಿ6 ಅಂದ್ರ ಡಿ1 ಚೆಕ್, ಅಲ್ಲಿಂದ ಇ5 ಅಂದ್ರ ಇ1 ಚೆಕ್, ಮತ್ತ ಎಫ್6 ಅಂದ್ರ ಎಫ್1 ಚೆಕ್. ಡ್ರಾ. ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಾಗ ತೋರಿಸಿದ್ದು. ಆ ಪುಣ್ಯಾತ್ಮ ಸಂಗೀತಗಾರನೂ ಹೌದು, ಎರಡೂ ಹೆಂಗ ಸಂಭಾಳಿಸಿದ್ನೋ!

ಗುಮ್ಮಟದ ಕಾಗಿ:
ಹಂಗಾರ ಮೊದಲ ಎಚ್1ಕ್ಕ ಹೋಗಿ ಕುಂತ್ರ ಆಗೂದಿಲ್ಲೇನ್ರಿ?

ಆನಿ ಮಾವುತ:
ಪ್ಯಾದಿ ಇ5ದಾಗ ಇರೂತನಕ ಅವಸರ ಬ್ಯಾಡ. ಸಾಲು ಬಿಟ್ರ ರಾಜ ಏರತಾನ, ಡ್ರಾ ಉಳಸೂದು ತ್ರಾಸ ಆಕ್ಕೇತಿ. ಪ್ಯಾದಿ ಏರಲಿ, ಆಮ್ಯಾಲ ಇಳೀರಿ.

ಜಮಖಂಡಿ ಪ್ಯಾದಿ:
ಮನ್ಯಾಗ ಬೋರ್ಡ್ ಹಾಕಿ ನೋಡಿದೆ. ಇಡೀ ಎಚ್ ಫೈಲು, ಅಂದ್ರ ಆ ಉದ್ದ ಸಾಲು, ಖಾಲಿ ಬಿದ್ದಿತ್ರೀ! ಆಟ ಮುಗದ ಮ್ಯಾಲ ಚಾ ಕುಡೀತಾ ಮಾಸ್ತರು ಅಂದ್ರು: "ನೀವು ಕೆಳಗ ಇಳೀತೀರಿ ಅಂತ ಡ್ರಾ ಕೇಳಾಕ ತಯಾರಾಗಿದ್ದೆ."